ನಮ್ಮ ಗದ್ದೆಗೆ ಯಾವ ಬಣ್ಣ?



ಕೂಳೆ ಕಬ್ಬಿನ ಬಗ್ಗೆ ಬರೆದ ಮೇಲೆ ಸುಳಿ ಕೊರಕದ ಬಗ್ಗೆಯೂ ಬರೀರಿ ಅಂತ ಬಹಳ ಜನ ಕೇಳಿದ್ರಿ. ಅದು ಮುಂದಕ್ಕೆ ಇರಲಿ. ಈ ವಾರ ಬೆಳೆ ವಿಷಯ ಅಲ್ಲ, ಬೆಳೆ ನಿಲ್ಲೋ ಜಾಗದ ವಿಷಯ. ಸ್ವಲ್ಪ ಉದ್ದ ಆಗುತ್ತೆ. ನಾಲೆ ಕೆಳಗೆ ಗದ್ದೆ ಇರೋರು, ಪಟ್ಟಣಕ್ಕೆ ಅಂಟಿಕೊಂಡಿರೋ ನಾಲ್ಕೈದು ಊರಿನೋರು ದಯವಿಟ್ಟು ಪೂರ್ತಿ ಓದಿ. ಓದೋಕೆ ಬರದ ಹಿರಿಯರಿಗೆ ಮನೇಲಿ ಯಾರಾದ್ರೂ ಓದಿ ಹೇಳಿ.

ನಮ್ಮ ಪಟ್ಟಣದ ಹೊಸ ಮಹಾಯೋಜನೆ, ಅಂದ್ರೆ ಮಾಸ್ಟರ್ ಪ್ಲಾನ್, ಕರಡು ಪ್ರಕಟ ಆಗಿದೆ. ಪೇಪರ್‌ನಲ್ಲಿ ಬಂದದ್ದು ಅಂಗೈಯಗಲದ ಜಾಹೀರಾತು. ಆಕ್ಷೇಪಣೆ, ಸಲಹೆ ಇದ್ದರೆ ಕೊಡಿ ಅಂತ ಈ ತಿಂಗಳ 28ರವರೆಗೆ ಟೈಮ್ ಇದೆ. ನಮ್ಮೂರಲ್ಲಿ ಅದನ್ನ ನೋಡಿದೋರು ಮೂರು ಜನ. ಅದರಲ್ಲಿ ಇಬ್ಬರು ಸೈಟ್ ಬ್ರೋಕರ್‌ಗಳು.

ಪುರಸಭೆಯವರು ಈ ಕರಡಿನ ಮೇಲೆ ತಮ್ಮ ಅಭಿಪ್ರಾಯ ಬರೆದು ಕಳಿಸಬೇಕು ಅಂತ ಹೋದ ಗುರುವಾರ ಸಭೆ ಇಟ್ಟಿದ್ದರು. ನಮ್ಮೂರು ಇನ್ನೂ ಗ್ರಾಮ ಪಂಚಾಯಿತಿ, ಪುರಸಭೆಗೆ ನಮ್ಮ ಓಟಿಲ್ಲ. ಆದರೂ ಪರಿಚಯದ ಸದಸ್ಯರೊಬ್ಬರನ್ನ ಕೇಳಿಕೊಂಡು ಹಿಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತೆ. ಬೆಳಿಗ್ಗೆ ಹನ್ನೊಂದಕ್ಕೆ ಅಂದದ್ದು ಹನ್ನೆರಡೂವರೆಗೆ ಶುರುವಾಯ್ತು. ಮೂರು ವಿಷಯ ಇದ್ದವು: ಮಂಗಳವಾರದ ಸಂತೆ, ಕಬ್ಬಿನ ಗಾಡಿ, ಮಹಾಯೋಜನೆ. ಮೂರೂ ಬೇರೆ ಬೇರೆ ಅಂತ ಅವರು ಮಾತಾಡಿದರು. ನನಗೆ ಕೂತು ಕೇಳ್ತಾ ಕೇಳ್ತಾ ಮೂರೂ ಒಂದೇ ಅನ್ನಿಸ್ತು.

ಸಂತೆ ವಿಷಯ ಬೇಗ ಮುಗೀತು. ಬಸ್ ಸ್ಟ್ಯಾಂಡ್ ಹಿಂದಿನ ಸಂತೆಮಾಳದಲ್ಲಿ ಜಾಗ ಸಾಲದು, ಸೊಪ್ಪಿನೋರು ಮೇನ್ ರೋಡಿಗೇ ಬಂದು ಕೂರ್ತಾರೆ, ಆದ್ದರಿಂದ ಸಂತೆನ ಊರಾಚೆಗೆ ಹಾಕೋಣ ಅಂತ ಒಬ್ಬರು. ಊರಾಚೆಗೆ ಹಾಕಿದರೆ ತಲೆ ಮೇಲೆ ಪುಟ್ಟಿ ಹೊತ್ತು ಬಸ್ಸಿಳಿಯೋ ಹೆಂಗಸರು ಆಟೋಗೆ ದುಡ್ಡು ಕೊಟ್ಟು ಸಂತೆಗೆ ಹೋಗಬೇಕಾ ಅಂತ ಒಬ್ಬ ಸದಸ್ಯೆ ಕೇಳಿದರು. ಆಯಮ್ಮ ಕೇಳಿದ ಮೇಲೆ ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಸಭೆಗೆ ಅಂತ ಬರ್ಕೊಂಡರು.

ಕಬ್ಬಿನ ಗಾಡಿ ವಿಷಯಕ್ಕೆ ಜೋರು ಮಾತಾಯ್ತು. ಡಬಲ್ ಟ್ರೈಲರ್ ಟ್ರ್ಯಾಕ್ಟರ್‌ಗಳನ್ನ ಹಗಲು ಹೊತ್ತು ಪಟ್ಟಣದೊಳಗೆ ಬಿಡಬಾರದು ಅನ್ನೋದು ಪ್ರಸ್ತಾಪ. ಅಂಗಡಿ ಇಟ್ಟಿರೋ ಸದಸ್ಯರೊಬ್ಬರು ಎದ್ದು ನಿಂತು, "ಸ್ಕೂಲ್ ಬಿಡೋ ಹೊತ್ತಿಗೆ ಸರಿಯಾಗಿ ಸರ್ಕಲ್‌ನಲ್ಲಿ ಕಬ್ಬಿನ ಲೋಡು ತಿರುಗಕ್ಕಾಗದೆ ನಿಂತ್ಕೊತದೆ, ಮಕ್ಕಳು ಎಲ್ಲಿ ಹೋಗ್ಬೇಕ್ರೀ" ಅಂದರು. ಇದು ಸುಳ್ಳಲ್ಲ. ನಾವೇ ಕಣ್ಣಾರೆ ನೋಡ್ತೀವಿ. ಆ ತಿರುವಿನಲ್ಲಿ ಎರಡು ಟ್ರೈಲರ್ ಒಟ್ಟಿಗೆ ತಿರುಗಬೇಕಾದರೆ ಆ ಕಡೆ ಈ ಕಡೆ ಬೈಕಿನೋರೆಲ್ಲ ಹಿಂದಕ್ಕೆ ಸರೀಬೇಕು.

ಆದರೆ ಗಾಡಿ ಪಟ್ಟಣದೊಳಗೆ ಯಾಕೆ ಬರುತ್ತೆ ಅಂತ ಯಾರೂ ಕೇಳಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ. ಅಲ್ಲಿ ಓಡೋ ಕಾರಿನ ವೇಗಕ್ಕೆ ನಮ್ಮ ಟ್ರ್ಯಾಕ್ಟರ್ ಅಡ್ಡ ಬಂದರೆ ಎರಡೂ ಕಡೆ ಜೀವ ಹೋಗುತ್ತೆ, ಒಪ್ಪೋಣ. ಆಮೇಲೆ ನಮ್ಮ ಗಾಡಿಗೆ ಉಳಿದದ್ದು ಸರ್ವೀಸ್ ರಸ್ತೆ, ಇಲ್ಲಾಂದ್ರೆ ಹಳೇ ರಸ್ತೆ. ಹಳೇ ರಸ್ತೆ ಪಟ್ಟಣದ ನಡು ಹೊಟ್ಟೆಯಲ್ಲೇ ಹೋಗುತ್ತೆ. ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ತೂಕ ಇಳಿಯುತ್ತೆ, ಇಳುವರಿಯೂ ಇಳಿಯುತ್ತೆ. ಅದು ಸರ್ಕಲ್‌ನಲ್ಲಿ ಹಾರ್ನ್ ಹೊಡೆಯೋನಿಗೆ ಗೊತ್ತಿರಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಅದನ್ನ ಹೇಳಬೇಕಾದೋರು ನಾವು.

ಕೊನೆಗೆ ಬೆಳಿಗ್ಗೆ ಎರಡು ಗಂಟೆ, ಸಾಯಂಕಾಲ ಎರಡು ಗಂಟೆ ಬಿಡಬಾರದು ಅಂತ ಠರಾವು ಮಾಡಿ ಕಳಿಸೋಣ ಅಂದರು. ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ. ಪುರಸಭೆ ಠರಾವು ಮಾಡಿದ ತಕ್ಷಣ ಗಾಡಿ ನಿಲ್ಲಲ್ಲ. ಮೋಟಾರು ವಾಹನ ಕಾಯ್ದೆ 115ನೇ ಕಲಂ ಪ್ರಕಾರ ಆದೇಶ ಆಗಬೇಕು, ಅದು ನಮ್ಮಲ್ಲಿ ಜಿಲ್ಲಾಧಿಕಾರಿಗಳ ಕಡೆಯಿಂದ ಬರೋದು. ಅಂದ್ರೆ ನಮಗೂ ಅರ್ಜಿ ಕೊಡೋಕೆ ಇನ್ನೂ ಒಂದು ಬಾಗಿಲು ತೆರೆದಿದೆ. ಸ್ಕೂಲಿನ ಹೊತ್ತು ಬಿಟ್ಟು ಬೇರೆ ಹೊತ್ತು ಬಿಡಿ, ಫ್ಯಾಕ್ಟರಿಯವರು ಕಟಾವಿನ ಪರ್ಮಿಟ್ ಕೊಡೋವಾಗ ಅದೇ ಹೊತ್ತಿಗೆ ಹೊಂದಿಸಿ ಕೊಡಲಿ ಅಂತ ಕೇಳಿದರೆ ನ್ಯಾಯವಾಗೇ ಇರುತ್ತೆ. ಪೂರಾ ಬೇಡ ಅಂತ ನಾವು ಹಟ ಹಿಡಿದರೆ ನಮ್ಮ ಮಕ್ಕಳೂ ಅದೇ ಸ್ಕೂಲಿಗೆ ಹೋಗೋದು ಅನ್ನೋದನ್ನ ಮರೆತ ಹಾಗೆ.

ಮೂರನೇದು ಮಹಾಯೋಜನೆ. ಇದೇ ದೊಡ್ಡದು. ಊಟದ ಹೊತ್ತು ಮೀರಿತ್ತು ಅಂತ ಇದಕ್ಕೇ ಕಮ್ಮಿ ಟೈಮ್ ಕೊಟ್ಟರು.

ಗೋಡೆ ಮೇಲೆ ದೊಡ್ಡ ನಕ್ಷೆ ಹಾಕಿದ್ದರು. ಹಳದಿ ಅಂದ್ರೆ ವಾಸದ ಮನೆಗೆ. ನೀಲಿ ವ್ಯಾಪಾರಕ್ಕೆ. ನೇರಳೆ ಕೈಗಾರಿಕೆಗೆ. ಕೆಂಪು ಅಂದ್ರೆ ಸ್ಕೂಲು, ಆಸ್ಪತ್ರೆ, ಆಫೀಸು ಇಂಥವು. ಹಸಿರು ಪಾರ್ಕಿಗೆ, ಅದಕ್ಕಿಂತ ತಿಳಿ ಹಸಿರು ನಮ್ಮದು, ವ್ಯವಸಾಯ. ನಾನು ಮೊದಲು ಹುಡುಕಿದ್ದು ನಾಲೆ ಗೆರೆ. ನಾಲೆ ಸಿಕ್ಕಿದ ಮೇಲೆ ತೂಬು, ತೂಬಿನ ಕೆಳಗೆ ನಮ್ಮ ಬಯಲು. ಇಡೀ ಬಯಲು ಹಳದಿ! ಹಳೇ ನಕ್ಷೆಯಲ್ಲಿ ಇದು ಹಸಿರಿತ್ತು. ಇನ್ನೂ ಕೆಳಕ್ಕೆ, ಹಳ್ಳದ ಪಕ್ಕ, ಒಂದು ದಪ್ಪ ಗೆರೆ ಇದೆ. ಅದು ಮುಂದೆ ಆಗಬೇಕಾದ ರಿಂಗ್ ರಸ್ತೆ.

ಈ ಬಣ್ಣದ ಕೆಲಸ ಏನು ಅಂತ ನನಗೆ ಅರ್ಥ ಆದಷ್ಟು ಹೇಳ್ತೀನಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಇದೆ. ಅದರ ಕೆಳಗೆ ಪಟ್ಟಣದ ಸುತ್ತ ಒಂದು ಯೋಜನಾ ಪ್ರದೇಶ ಗುರುತು ಮಾಡ್ತಾರೆ. ಅದು ಪುರಸಭೆ ಗಡಿಗಿಂತ ದೊಡ್ಡದು, ನಮ್ಮಂಥ ಹಳ್ಳಿಗಳೂ ಒಳಗೆ ಬರ್ತವೆ. ಆ ಪ್ರದೇಶಕ್ಕೆ ಒಂದು ಯೋಜನಾ ಪ್ರಾಧಿಕಾರ. ಅವರು ನಕ್ಷೆ ಮಾಡ್ತಾರೆ, ಜನರ ಮಾತು ಕೇಳ್ತಾರೆ, ಸರ್ಕಾರ ಕೊನೇ ಮಂಜೂರಾತಿ ಕೊಡುತ್ತೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಕಾಯ್ದೆ ಹೇಳುತ್ತೆ. ಹಾಗೆ ನಡೆಯುತ್ತೆ ಅಂತ ನಂಬೋಕೆ ಆಗಲ್ಲ. ಬೆಂಗಳೂರನ್ನೇ ನೋಡಿ. 2007ರಲ್ಲಿ ಮಂಜೂರಾದ ಮಹಾಯೋಜನೆ 2015ಕ್ಕೆ ಅಂತ ಮಾಡಿದ್ದು. ಮುಂದಿನದು 2031ಕ್ಕೆ ಅಂತ 2017ರಲ್ಲಿ ಕರಡು ತಂದರು, ಆಮೇಲೆ ಅದನ್ನ ವಾಪಸ್ ತಗೊಂಡರು. 2015ರ ಹೆಸರಿನ ನಕ್ಷೆಯೇ ಆ ವರ್ಷ ದಾಟಿ ಎಷ್ಟೋ ವರ್ಷ ನಡೀತು. ಆದ್ದರಿಂದ ಈಗ ಬಿದ್ದ ಬಣ್ಣ ಹತ್ತೇ ವರ್ಷಕ್ಕೆ ಅಂದ್ಕೋಬೇಡಿ. ನಮ್ಮ ಆಯಸ್ಸು ಪೂರಾ ಇರಬಹುದು.

ಇನ್ನೊಂದು ತಪ್ಪು ತಿಳುವಳಿಕೆ ಊರಲ್ಲಿ ಓಡಾಡ್ತಿದೆ. "ಹಳದಿ ಆದ್ರೆ ಗೌರ್ಮೆಂಟು ಗದ್ದೆ ಕಿತ್ಕೊತದೆ" ಅಂತ. ಹಾಗಲ್ಲ. ಹಳದಿ ಅಂದ್ರೆ ಸ್ವಾಧೀನ ಅಲ್ಲ. ಹಳದಿ ಬಿದ್ದ ಗದ್ದೆಯಲ್ಲಿ ನೀವು ಭತ್ತ ನಾಟಿ ಮಾಡಿದರೆ ಯಾರೂ ಕೇಳಲ್ಲ. ಮಾರಲೇಬೇಕು ಅಂತಲೂ ಇಲ್ಲ. ಆದರೆ ಹಳದಿ ಇದ್ದರೆ ಭೂ ಪರಿವರ್ತನೆ, ಬಡಾವಣೆ ಮಂಜೂರಾತಿ ಸಲೀಸು. ಹಸಿರಿದ್ದರೆ ಮೊದಲು ಭೂ ಉಪಯೋಗ ಬದಲಾವಣೆ ಮಾಡಿಸಬೇಕು, ಅದು ಅದೇ ಕಾಯ್ದೆಯ 14ಎ ಕಲಂ. ಅದಕ್ಕೆ ಪೇಪರ್‌ನಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಅಂದ್ರೆ ಹಸಿರು ಅನ್ನೋದು ಬೀಗ ಅಲ್ಲ, ಅಗುಳಿ. ತೆಗೀಬಹುದು, ಆದರೆ ತೆಗೆಯೋವಾಗ ಸದ್ದಾಗುತ್ತೆ. ಹಳದಿಗೆ ಆ ಸದ್ದೂ ಇಲ್ಲ.

ರಿಂಗ್ ರಸ್ತೆ ಗೆರೆ ಬೇರೆ ಕಥೆ. ಗೆರೆ ಬಿದ್ದ ಜಾಗದಲ್ಲಿ ಮನೆ ಕಟ್ಟೋಕೆ ಪರವಾನಗಿ ಸಿಗಲ್ಲ, ಕೊಳ್ಳೋರು ಬರಲ್ಲ, ರಸ್ತೆಯೂ ಬೇಗ ಬರಲ್ಲ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲೇ ಅಂತಿಮ ಅಧಿಸೂಚನೆ ಆಗಿತ್ತು. ಅದಾಗಿ ಒಂದೂವರೆ ದಶಕ ದಾಟಿದರೂ ಆ ರೈತರಿಗೆ ರಸ್ತೆಯೂ ಇಲ್ಲ, ಪರಿಹಾರವೂ ಕೈ ಸೇರಿರಲಿಲ್ಲ. ಅಪ್ಪನ ಹೆಸರಿಗೆ ಬಂದ ನೋಟಿಸಿಗೆ ಮಗ ಓಡಾಡೋ ಹಾಗಾಯ್ತು. ನಮ್ಮ ಕಾಯ್ದೆಯ 69ನೇ ಕಲಂನಲ್ಲಿ, ಮಹಾಯೋಜನೆಯಲ್ಲಿ ಸಾರ್ವಜನಿಕ ಕೆಲಸಕ್ಕೆ ಅಂತ ಗುರುತು ಮಾಡಿದ ಜಾಗವನ್ನ ಐದು ವರ್ಷದೊಳಗೆ ತಗೊಳ್ಳದಿದ್ದರೆ ಆ ಗುರುತು ಬಿದ್ದು ಹೋಗುತ್ತೆ ಅಂತ ಇದೆ. ಗೆರೆ ಬಿದ್ದಿರೋ ಹಳ್ಳದ ಪಕ್ಕದೋರು ಇದನ್ನ ಒಂದು ಚೀಟೀಲಿ ಬರ್ಕೊಂಡು ಪಹಣಿ ಜೊತೆ ಇಟ್ಕೊಳ್ಳಿ. ಆ ದಿನ ಬಂದಾಗ ಒಬ್ಬ ವಕೀಲರನ್ನ ಕೇಳಿ.

ಸಭೆಯಲ್ಲಿ ನನಗೆ ಬೇಜಾರಾದದ್ದು ಯಾರೋ ಕೆಟ್ಟದ್ದು ಮಾತಾಡಿದರು ಅಂತ ಅಲ್ಲ. ಸದಸ್ಯರು ಅವರ ಅವರ ವಾರ್ಡಿನ ಚರಂಡಿ, ಲೈಟು, ಪಾರ್ಕಿಂಗ್ ಮಾತಾಡಿದರು. ಅದು ಅವರ ಕೆಲಸ. ಸಂವಿಧಾನಕ್ಕೆ 74ನೇ ತಿದ್ದುಪಡಿ ಆಗಿ, 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಅದರ ಮೊದಲನೇದೇ ನಗರ ಯೋಜನೆ, ಎರಡನೇದು ಭೂ ಬಳಕೆ ಮತ್ತು ಕಟ್ಟಡ ನಿಯಂತ್ರಣ. ಆದರೂ ನಮ್ಮಲ್ಲಿ ಪೆನ್ನು ಇರೋದು ಪ್ರಾಧಿಕಾರದ ಕೈಲಿ, ಸಹಿ ಸರ್ಕಾರದ್ದು. ಓಟು ಹಾಕಿದ ಪಟ್ಟಣದೋರಿಗೇ ಮಾತು ಅಷ್ಟಕ್ಕಷ್ಟೆ. ಇನ್ನು ನಮ್ಮೂರಿನೋರಿಗೆ ಅಲ್ಲಿ ಓಟೂ ಇಲ್ಲ. ಗದ್ದೆ ನಮ್ಮದು, ಬಣ್ಣ ಅವರದು. ನಮ್ಮ ಕೈಲಿರೋದು ಈ 28ನೇ ತಾರೀಕಿನೊಳಗೆ ಕೊಡೋ ಒಂದು ಹಾಳೆ.

ಹಾಗಾದ್ರೆ ಆ ಹಾಳೇಲಿ ಏನು ಬರೀಬೇಕು? ಇಲ್ಲೇ ಊರು ಎರಡಾಗಿರೋದು.

ಹಳದಿ ಬೇಕು ಅನ್ನೋರನ್ನ ದುರಾಸೆಯೋರು ಅಂತ ಬೈಯೋಕೆ ನಾನು ತಯಾರಿಲ್ಲ. ಲೆಕ್ಕ ಹಾಕಿ ನೋಡಿ. ನನ್ನ ಮೇಲ್ಗದ್ದೆಯ ಅಣ್ಣನಿಗೆ ಇರೋದು 22 ಗುಂಟೆ. ಒಳ್ಳೇ ವರ್ಷ, ಕಟ್ಟು ನೀರು ಸರಿಯಾಗಿ ಬಂದರೆ 12 ಕ್ವಿಂಟಾಲ್ ಭತ್ತ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಪೂರಾ ಆ ರೇಟೇ ಸಿಕ್ಕಿದರೂ 28,428 ರೂಪಾಯಿ ಆಯ್ತು. ಇದರಲ್ಲಿ ಉಳುಮೆ, ನಾಟಿ ಆಳು, ಗೊಬ್ಬರ, ಕಟಾವು ಮೆಷಿನ್ ಕಳೀರಿ. ಉಳಿಯೋದು ಹಬ್ಬಕ್ಕೆ ಬಟ್ಟೆಗೆ ಸರಿಯಾಗುತ್ತೆ. ಅದೇ 22 ಗುಂಟೆ ಅಂದ್ರೆ 23,958 ಚದರಡಿ. ರಸ್ತೆಗೆ, ಪಾರ್ಕಿಗೆ, ಸಿಎ ಸೈಟಿಗೆ ಅಂತ ಅರ್ಧ ಹೋಯ್ತು ಅಂದ್ಕೊಂಡರೂ 30–40ರ ಹತ್ತು ಸೈಟು ಹತ್ತಿರ ಬರ್ತವೆ. ಅಣ್ಣನಿಗೆ ಸಾಲ ಇದೆ. ಮಂಡಿ ನೋವು, ಗದ್ದೆ ಬದುವಲ್ಲಿ ಕೂತು ಏಳಬೇಕಾದರೆ ಗುದ್ದಲಿ ಊರ್ಕೊಂಡು ಏಳ್ತಾನೆ. ಮಗಳ ಮದುವೆ ಮುಂದಿದೆ. ಹಸಿರು ಇರಲಿ, ಪ್ರಕೃತಿ ಉಳೀಲಿ ಅಂತ ಅವನಿಗೆ ಹೇಳೋಕೆ ಯಾರಿಗೆ ಬಾಯಿ ಬರುತ್ತೆ?

ಆದರೆ ಲೆಕ್ಕದ ಇನ್ನೊಂದು ಸಾಲನ್ನೂ ಬರೀಬೇಕು. ಆ ಹತ್ತು ಸೈಟಿನ ದುಡ್ಡು ಅಣ್ಣನಿಗೆ ಬರಲ್ಲ. ಅಣ್ಣ ಮಾರೋದು ಗುಂಟೆ ಲೆಕ್ಕದಲ್ಲಿ ಬಡಾವಣೆ ಮಾಡೋನಿಗೆ. ಚದರಡಿ ಲೆಕ್ಕದಲ್ಲಿ ಮಾರೋನು ಅವನು. ಗುಂಟೆಗೂ ಚದರಡಿಗೂ ನಡುವೆ ಇರೋ ದುಡ್ಡಿಗೋಸ್ಕರವೇ ನಕ್ಷೆಯ ಬಣ್ಣ ಬದಲಾಗೋದು. ಹಳದಿ ಬೇಕು ಅನ್ನೋರು ಕೂಡ ಮುಂಗಡ ಈಸ್ಕೊಳ್ಳೋ ಮೊದಲು ಇದನ್ನ ಯೋಚನೆ ಮಾಡಿ. ಕರಡು ನಕ್ಷೆ ಇನ್ನೂ ಕರಡು. ಅದನ್ನ ತೋರಿಸಿ ಈಗಲೇ ಅಗ್ರಿಮೆಂಟ್‌ಗೆ ಸಹಿ ಹಾಕಿಸ್ತಾ ಇರೋರು ನಮ್ಮೂರಿಗೂ ಬಂದು ಹೋಗಿದ್ದಾರೆ. ಅಂತಿಮ ಆದ ಮೇಲೆ ಬೆಲೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಅದಕ್ಕೇ ಅವರಿಗೆ ಅರ್ಜೆಂಟು.

ಇನ್ನು ನೀರಿನ ವಿಷಯ. ನನಗೆ ಇದೇ ಮುಖ್ಯ.

ತರಿ ಜಮೀನು ಒಬ್ಬೊಬ್ಬರದು ಅಲ್ಲ. ಪಹಣಿಯಲ್ಲಿ ಬೇರೆ ಬೇರೆ ಹೆಸರಿರಬಹುದು, ನೀರಿಗೆ ಹೆಸರಿಲ್ಲ. ತೂಬಿನಿಂದ ಬಿಟ್ಟ ನೀರು ಮೇಲ್ಗದ್ದೆ ತುಂಬಿ, ಮಡೆ ದಾಟಿ, ಕೆಳಗದ್ದೆಗೆ ಬಂದು, ಬಸಿದು ಹಳ್ಳ ಸೇರಬೇಕು. ಮಧ್ಯೆ ಒಬ್ಬ ಮಾರಿದ ಅನ್ಕೊಳ್ಳಿ. ಬಡಾವಣೆಯೋನು ಮೊದಲು ಮಾಡೋ ಕೆಲಸ ಮಣ್ಣು ತುಂಬೋದು. ರಸ್ತೆ ಮಟ್ಟಕ್ಕೆ ಮೂರು ಅಡಿ, ನಾಲ್ಕು ಅಡಿ ಏರಿಸ್ತಾನೆ. ಹೊಲಗಾಲುವೆ ಇದ್ದ ಕಡೆ ಒಂದು ಸಿಮೆಂಟ್ ಪೈಪು ಹೂಳ್ತಾನೆ. ಮೊದಲ ಮಳೇಲೇ ಅದು ಪ್ಲಾಸ್ಟಿಕ್ ಕಟ್ಕೊಂಡು ಕೂರುತ್ತೆ. ಪಟ್ಟಣದ ಆ ಕಡೆ ಒಂದು ಬಡಾವಣೆ ಆಗಿದ್ದು ನೋಡಿದ್ದೀರಿ. ಅದರ ಕೆಳಗಿನ ಎಂಟು ಹತ್ತು ಜನ ಗದ್ದೆ ಮಾರಿರಲಿಲ್ಲ. ಈಗ ಬೇಸಿಗೆ ಬೆಳೆಗೆ ಅವರಿಗೆ ನೀರು ಹತ್ತಲ್ಲ, ಮಳೆಗಾಲದಲ್ಲಿ ನಿಂತ ನೀರು ಇಳಿಯಲ್ಲ. ಒಳಚರಂಡಿ ಸೇರಿಸದ ಮನೆಗಳ ಬಚ್ಚಲ ನೀರು ಬಸಿಗಾಲುವೆಗೇ ಬರುತ್ತೆ. ಕಳೆ ತೆಗೆಯೋಕೆ ಬಂದ ಹೆಂಗಸರು ಕಾಲು ಕಡಿತ ಅಂತ ಎರಡನೇ ದಿನ ಬರಲ್ಲ. ಕೊನೆಗೆ ಆ ಗದ್ದೆಗಳೂ ಬೀಳು ಬಿದ್ದವು. ಬೀಳು ಬಿದ್ದ ಮೇಲೆ, "ವ್ಯವಸಾಯ ಮಾಡ್ತಾ ಇಲ್ವಲ್ಲ, ಯಾಕಿಟ್ಕೊಂಡಿದ್ದೀರಿ" ಅಂತ ಅದೇ ಬ್ರೋಕರ್ ಬಂದ.

ಮನೆ ಬಂದ ಮೇಲೆ ರಸ್ತೆ ಜಗಳ ಶುರು. ಇದು ಸಂಚಾರ ವಿಷಯ ಅಂತ ಮತ್ತೆ ಪುರಸಭೆಗೇ ಹೋಗುತ್ತೆ. ಬಂಡಿದಾರಿ ಡಾಂಬರ್ ಆಗುತ್ತೆ, ಎರಡೂ ಕಡೆ ಕಾರು ನಿಲ್ಲುತ್ತೆ. ರಾತ್ರಿ ಟ್ರ್ಯಾಕ್ಟರ್ ಸದ್ದು ಅಂತ ದೂರು. ತಿಪ್ಪೆ ವಾಸನೆ ಅಂತ ದೂರು. ರಸ್ತೆ ಮೇಲೆ ಹುಲ್ಲು ಹರಡಿದ್ದಾರೆ ಅಂತ ದೂರು (ಇದರಲ್ಲಿ ಅವರು ಹೇಳೋದೂ ಸರಿನೇ, ಕಣದ ಕೆಲಸಕ್ಕೆ ರಸ್ತೆ ಬಳಸಿ ಬೈಕಿನೋರು ಜಾರಿ ಬಿದ್ದಿರೋದು ಉಂಟು). ನಾವು ಮೊದಲಿಂದ ಇದ್ದೋರು, ಅವರು ದುಡ್ಡು ಕೊಟ್ಟು ಬಂದೋರು. ಇಬ್ಬರದೂ ಊರೇ. ಕಬ್ಬಿನ ಗಾಡಿ ನಿಲ್ಲಿಸಿ ಅಂತ ಇವತ್ತು ಪುರಸಭೆಯಲ್ಲಿ ಆದ ಮಾತು ಇನ್ನು ಹತ್ತು ವರ್ಷಕ್ಕೆ ನಮ್ಮ ಬಯಲಿನ ದಾರಿಗೂ ಬರುತ್ತೆ. ಅದಕ್ಕೇ ಮೂರು ವಿಷಯವೂ ಒಂದೇ ಅಂದೆ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿ ರೈತರ ವಿಷಯ ನಿಮಗೆಲ್ಲ ಗೊತ್ತು. 1,777 ಎಕರೆ ಕೈಗಾರಿಕೆಗೆ ಸ್ವಾಧೀನ ಅಂತ ಹೊರಟಿತ್ತು. ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡ್ತೀವಿ, ಇಷ್ಟ ಪಟ್ಟು ಕೊಡೋ ರೈತರಿದ್ದರೆ ಅವರದ್ದನ್ನ ಮಾತ್ರ ತಗೋತೀವಿ ಅಂದರು. ನಮ್ಮದು ಸ್ವಾಧೀನ ಅಲ್ಲ, ಬರೀ ಬಣ್ಣ. ಆದರೂ ಅವರಿಂದ ಕಲಿಯೋದು ಒಂದಿದೆ. ಅಲ್ಲೂ ಕೊಡ್ತೀವಿ ಅನ್ನೋರು ಇದ್ದರು, ಕೊಡಲ್ಲ ಅನ್ನೋರು ಇದ್ದರು. ಸ್ವಾಧೀನ ಆದ್ರೆ ಎದುರಿಗೆ ಸರ್ಕಾರ ಇರುತ್ತೆ, ಕೂಗೋಕೆ ಒಂದು ದಿಕ್ಕಿರುತ್ತೆ. ಬಣ್ಣಕ್ಕೆ ಎದುರಿಗೆ ಯಾರೂ ಇಲ್ಲ. ಎದುರಿಗೆ ಕಾಣೋನು ಪಕ್ಕದ ಗದ್ದೆಯೋನೇ.

ನಾನು ನನ್ನ ಹಾಳೆ ಬರೆದಾಯ್ತು. ಕೇಳಿದ್ದು ಇಷ್ಟು. ನಾಲೆ ಮೇಲಿನ ಖುಷ್ಕಿ ಜಾಗ, ಪಟ್ಟಣದ ರಸ್ತೆಗೆ ಅಂಟಿರೋದು, ಬೇಕಾದರೆ ಹಳದಿ ಮಾಡಿ. ಅಲ್ಲಿ ನೀರು ಹತ್ತಲ್ಲ, ಮಣ್ಣು ಗಟ್ಟಿ, ಪಾಯ ನಿಲ್ಲುತ್ತೆ. ಜನಕ್ಕೆ ಮನೆ ಬೇಕು, ನಮ್ಮ ಮಕ್ಕಳಿಗೂ ಬೇಕು. ನಾಲೆ ಕೆಳಗಿನ ಅಚ್ಚುಕಟ್ಟು ಮಾತ್ರ ಹಿಂದಿನ ಹಾಗೆ ಹಸಿರಾಗಿರಲಿ. ನಾಲೆನೇ ಗಡಿ. ತೂಬು, ಹೊಲಗಾಲುವೆ, ಬಸಿಗಾಲುವೆ, ಬಂಡಿದಾರಿ ನಕ್ಷೆಯಲ್ಲಿ ಕಾಣ್ತಾ ಇಲ್ಲ, ಗ್ರಾಮ ನಕಾಶೆ ನೋಡಿ ಅವನ್ನ ಗುರುತಿಸಿ. ರಿಂಗ್ ರಸ್ತೆ ಗೆರೆ ಹಳ್ಳದ ಪಕ್ಕ ಬೇಡ, ಮಳೆಗಾಲದಲ್ಲಿ ಅಲ್ಲಿ ನೀರು ಹರಡುತ್ತೆ. ಆ ಗೆರೆನ ನಾಲೆ ಮೇಲ್ಭಾಗಕ್ಕೆ ತಂದರೆ ಕಬ್ಬಿನ ಗಾಡಿ ಪಟ್ಟಣ ಮುಟ್ಟದೆ ಫ್ಯಾಕ್ಟರಿ ಕಡೆ ಹೋಗೋಕೂ ಆಗುತ್ತೆ.

ಬೆಂಗಳೂರಲ್ಲಿ ಕೆಲಸದಲ್ಲಿರೋ ಮಗ ಫೋನಿನಲ್ಲಿ ಕೇಳಿ, "ಅಪ್ಪ, ನಾನೇನು ಬಂದು ಗದ್ದೆ ಮಾಡ್ತೀನಾ? ಹಳದಿ ಆದ್ರೆ ಆಗ್ಲಿ ಬಿಡಿ" ಅಂದ. ನಾನು, "ನೀನು ಬರ್ದೇ ಇದ್ರೂ ಪರವಾಗಿಲ್ಲ ಕಣಪ್ಪ, ನೀರು ಬರ್ಬೇಕು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮ್ಮಿಷ್ಟ ಅಂದ. ತಮ್ಮನ ಪಾಲೂ ಅದೇ ಸರ್ವೆ ನಂಬರ್‌ನಲ್ಲಿದೆ. ಅವನು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅವನ ಹೆಸರು ಹಾಕದೆ ನನ್ನ ಪಾಲಿಗೆ ಮಾತ್ರ ಬರೆದಿದ್ದೀನಿ.

ಆದರೆ ಬಣ್ಣ ಪಾಲು ನೋಡಿ ಬೀಳಲ್ಲ. ಬಯಲು ಹಸಿರಾದ್ರೆ ಎಲ್ಲರದೂ ಹಸಿರು. ನನ್ನ ಹಾಳೆ ಗೆದ್ದರೆ ಮೇಲ್ಗದ್ದೆ ಅಣ್ಣನ 22 ಗುಂಟೆ ಬೆಲೆ ಕೆಳಕ್ಕೆ ಬೀಳುತ್ತೆ. ಇದು ನನಗೆ ಗೊತ್ತಿದ್ದೇ ಬರೆದಿದ್ದೀನಿ. ಅರ್ಜಿ ಕೊಡೋ ಮೊದಲು ಅವನಿಗೆ ಎದುರಾ ಎದುರು ಹೇಳಬೇಕು ಅಂತ ಶನಿವಾರ ಸಾಯಂಕಾಲ ಅವರ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ನಾನು ಬರೆದದ್ದನ್ನ ಓದಿ ಹೇಳಿದೆ. ಅಣ್ಣ ಪೂರಾ ಕೇಳಿಸ್ಕೊಂಡ. ಆಮೇಲೆ, "ನೀನು ಹೇಳೋದು ಸರೀಗೇ ಅದೆ. ನೀರ್ ನಿಂತೋದ್ರೆ ನಿಂಗೂ ಹೊಯ್ತದೆ ಅನ್ನೋದು ನಂಗೊತ್ತಿಲ್ವಾ? ಆದ್ರೆ ನನ್ ಕಷ್ಟ ಈ ನೀರು ತೀರ್ಸಕ್ಕಿಲ್ಲ ಕಣೋ" ಅಂದ. ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿದೆ.

ಲೋಟ ಕೆಳಗಿಟ್ಟು ಏಳ್ತಾ ಇದ್ದೆ. "ಕೂತ್ಕೊ, ನಂದೂ ಒಂದು ಬರ್ಕೊಡು. ನಂಗೆ ಸಹಿ ಹಾಕಕ್ಕೆ ಬತ್ತದೆ, ಬರೆಯಕ್ಕೆ ಬರಕ್ಕಿಲ್ಲ" ಅಂದ. ಹಳದಿ ಇರಲಿ ಅಂತ ಅವನ ಅರ್ಜಿ. ಬ್ರೋಕರ್ ಹತ್ತಿರ ಬರೆಸಿದರೆ ಅವನು ಅಗ್ರಿಮೆಂಟೂ ಜೊತೆಗೇ ತರ್ತಾನೆ, ಅದಕ್ಕೇ ನನ್ನ ಕೇಳಿದ್ದು ಅಂತ ಆಮೇಲೆ ಹೇಳಿದ. ನಾನು ಬರೆದುಕೊಟ್ಟೆ. ನನ್ನದನ್ನ ಎಷ್ಟು ಒತ್ತಿ ಬರೆದಿದ್ದೆನೋ ಅವನದನ್ನೂ ಅಷ್ಟೇ ಒತ್ತಿ ಬರೆದೆ: ಸಣ್ಣ ಹಿಡುವಳಿ, ವಯಸ್ಸು, ಸಾಲ, ಮಗಳ ಮದುವೆ, ಎಲ್ಲ. ಒಂದೇ ಒಂದು ಸಾಲು ಸೇರಿಸ್ಲಾ ಅಣ್ಣ ಅಂತ ಕೇಳಿದೆ. ಹಳದಿ ಆದರೂ ಹೊಲಗಾಲುವೆ ಮುಚ್ಚದ ಹಾಗೆ, ಅದೇ ಅಗಲದಲ್ಲಿ ತೆರೆದೇ ಬಿಡಬೇಕು ಅಂತ. "ಅದ್ ಬರಿ, ಅದ್ರಲ್ಲಿ ನನ್ದೇನು ಹೋಯ್ತದೆ" ಅಂದ.

ನಮ್ಮ ನಮ್ಮಲ್ಲಿ ಒಪ್ಪಿಗೆ ಆಗಲೇಬೇಕಾದದ್ದು ಈ ಒಂದು ಸಾಲು ಅಂತ ಈಗ ನನಗನ್ನಿಸ್ತಿದೆ. ಹಳದಿ ಕೇಳಿ, ಹಸಿರು ಕೇಳಿ, ಅದು ಅವರವರ ಮನೆ ಪರಿಸ್ಥಿತಿ. ಆದರೆ ಕಾಲುವೆ ಮುಚ್ಚಬಾರದು, ಬಂಡಿದಾರಿ ಮುಚ್ಚಬಾರದು ಅನ್ನೋದು ಇಬ್ಬರ ಹಾಳೇಲೂ ಇರಲಿ. ನೂರು ಅರ್ಜಿಯಲ್ಲಿ ಅರ್ಧ ಆ ಕಡೆ ಅರ್ಧ ಈ ಕಡೆ ಇದ್ದರೂ ಈ ಮಾತು ನೂರರಲ್ಲೂ ಒಂದೇ ಇದ್ದರೆ ಆಫೀಸಿನೋರು ಅದನ್ನ ದಾಟಿ ಹೋಗೋದು ಕಷ್ಟ.

ಅರ್ಜಿ ಕೊಡೋರಿಗೆ ಕೆಲವು ಮಾತು.

ಮೊದಲು ಪ್ರಾಧಿಕಾರದ ಆಫೀಸಿಗೆ ಹೋಗಿ ನಕ್ಷೇಲಿ ನಿಮ್ಮ ಸರ್ವೆ ನಂಬರ್ ನೀವೇ ಹುಡುಕಿ. ಯಾರೋ ಹೇಳಿದ್ದು, ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೋ ನಂಬಬೇಡಿ. ನಂಬರ್ ಸಿಗದಿದ್ದರೆ ನಾಲೆ, ಕೆರೆ, ದೇವಸ್ಥಾನ ಹಿಡ್ಕೊಂಡು ಎಣಿಸ್ತಾ ಬನ್ನಿ. ಮೊಬೈಲ್‌ನಲ್ಲಿ ಅದರ ಫೋಟೋ ತಗೊಳ್ಳಿ.

ಅರ್ಜಿಗೆ ಪಹಣಿ, ಪೋಡಿ ಆಗಿದ್ದರೆ ಅದರ ನಕ್ಷೆ, ಗ್ರಾಮ ನಕಾಶೆಯಲ್ಲಿ ನಿಮ್ಮ ಜಾಗ ಪೆನ್ನಿನಲ್ಲಿ ಗುರುತು ಮಾಡಿದ ಜೆರಾಕ್ಸ್ ಇಡಿ. ನೂರು ಜನ ಒಂದೇ ಹಾಳೆಗೆ ಸಹಿ ಹಾಕಿದರೆ ಅದು ಒಂದು ಅರ್ಜಿ. ಒಬ್ಬೊಬ್ಬರು ಒಂದೊಂದು ಕೊಡಿ.

ಹೊಟ್ಟೆಪಾಡು, ಅನ್ಯಾಯ, ನಾಶ ಅಂತ ಎರಡು ಪುಟ ಬರೆಯೋ ಬದಲು ಯಾವ ಸರ್ವೆ ನಂಬರ್, ಈಗ ಏನು ಬಣ್ಣ, ಏನು ಬಣ್ಣ ಬೇಕು, ಯಾಕೆ ಅಂತ ನಾಲ್ಕು ಸಾಲು ಬರೀರಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಬರೀರಿ. ಆಫೀಸಿನಲ್ಲಿ ನಕ್ಷೆ ಮಾಡಿದೋರಿಗೆ ಗೊತ್ತಿಲ್ಲದೆ ನಮಗೆ ಮಾತ್ರ ಗೊತ್ತಿರೋದು ಅದೇ.

ಎರಡು ಪ್ರತಿ ತಗೊಂಡು ಹೋಗಿ, ಒಂದಕ್ಕೆ ಸೀಲು, ತಾರೀಕು ಹಾಕಿಸಿ ವಾಪಸ್ ತನ್ನಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲೂ ಒಂದು ಠರಾವು ಮಾಡಿಸಿ ಕಳಿಸೋಣ ಅಂತ ನಮ್ಮ ಸದಸ್ಯರಿಗೆ ಹೇಳಿದ್ದೀನಿ. ಅಲ್ಲಿ ನಮ್ಮ ಓಟಿದೆ.

ಕಬ್ಬಿನ ಗಾಡಿ ವಿಷಯಕ್ಕೆ ಜಿಲ್ಲಾಧಿಕಾರಿಗಳಿಗೆ ಬೇರೆ ಅರ್ಜಿ. ಅದನ್ನ ಇದಕ್ಕೆ ಸೇರಿಸಬೇಡಿ. ಟ್ರ್ಯಾಕ್ಟರ್ ಇರೋರು, ಬಾಡಿಗೆಗೆ ಹೊಡೆಯೋರು ಸೇರಿ ಬರೀರಿ.

ನಾನು ಸೋಮವಾರ ಮತ್ತು ಬುಧವಾರ ಸಾಯಂಕಾಲ ಆರರಿಂದ ಎಂಟರವರೆಗೆ ಡೈರಿ ಹತ್ತಿರ ಕೂತಿರ್ತೀನಿ. ಬರೆಯೋಕೆ ಬರದೇ ಇರೋರು ಪಹಣಿ ತಗೊಂಡು ಬನ್ನಿ. ಹಳದಿ ಬೇಕು ಅನ್ನೋರೂ ಬನ್ನಿ, ಸಂಕೋಚ ಬೇಡ, ಬರೆದುಕೊಡ್ತೀನಿ. ನನ್ನ ಮಾತು ತಪ್ಪು ಅನ್ನಿಸಿದರೆ ಇಲ್ಲೇ ಕೆಳಗೆ ಬರೀರಿ, ಆದರೆ ಪಕ್ಕದ ಗದ್ದೆಯೋರ ಹೆಸರು ಹಾಕಿ ಬೈಬೇಡಿ. 28 ಆದ ಮೇಲೂ ಅವರ ಗದ್ದೆ ದಾಟಿಯೇ ನಮಗೆ ನೀರು ಬರಬೇಕು.